ಹಸಿರು ತ್ರಿಕೋನಕ್ಕೆ ಗೊದಮೊಟ್ಟೆ ಗೊತ್ತಿಲ್ಲ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಚಿಗುರು ಮೊಳದುದ್ದ ಬಂದಿರುವಾಗ ಮಳೆ ಹಿಡಿದರೆ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಎಲೆಯ ಮೇಲೆ ಎಣ್ಣೆ ಸಿಡಿದಂತಹ ಹಳದಿ ಮಚ್ಚೆ ಕಂಡಿತೋ, ಡೌನಿ ಎಂಬ ಬೂಜು ರೋಗ ಬಂತೆಂದೇ ಲೆಕ್ಕ. ಎಲೆ ಮಗುಚಿದರೆ ಬಿಳಿ ಬೂಜು. ಹೂಗೊಂಚಲಿಗೆ ಹತ್ತಿದರೆ ವರ್ಷದ ದುಡಿಮೆ ಕೆಲವೇ ದಿನಗಳಲ್ಲಿ ಕೈಬಿಡುತ್ತದೆ. ಅಂಥದ್ದೊಂದು ಮೋಡದ ಬೆಳಿಗ್ಗೆ ನಮ್ಮ ಸಂಬಂಧಿಕರಾದ ಕಾಕಾ ಒಬ್ಬರ ತೋಟದಲ್ಲಿದ್ದೆ. ಟ್ರ್ಯಾಕ್ಟರ್ ಹಿಂದಿನ, ಔಷಧಿ ಸಿಂಪಡಿಸುವ ಬ್ಲೋವರ್ ಸಾಲು ಸಾಲು ಸುತ್ತಿ ಬಂದು ಕೃಷಿ ಹೊಂಡದ ಪಕ್ಕ ನಿಂತಿತು. ಟ್ಯಾಂಕಿನೊಳಕ್ಕೆ ನಾಲ್ಕು ಕೊಡ ನೀರು ಸುರಿದು ಕೆಳಗಿನ ನಲ್ಲಿ ಬಿಚ್ಚಿದರು. ತೆಳು ಮಜ್ಜಿಗೆಗೆ ಅರಿಸಿನ ಕದಡಿದಂತಹ ನೀರು ಏರಿಯಿಂದ ಇಳಿದು, ಪ್ಲಾಸ್ಟಿಕ್ ಹಾಳೆಯ ಮಡಿಕೆಯೊಂದರಲ್ಲಿ ದಾರಿ ಹುಡುಕಿಕೊಂಡು ಹೊಂಡ ಸೇರಿತು. ಆ ಮೂಲೆಯಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಗೊದಮೊಟ್ಟೆಗಳಿದ್ದವು.

‘ಕಾಕಾ, ಮರಿಗಳಿವೆಯಲ್ಲ?’ ಎಂದೆ. ‘ಇದು ಬೂಜಿಗೆ ಹೊಡೆಯುವ ಪುಡಿ ತಮ್ಮಾ, ಹುಳದ ಔಷಧಿಯಲ್ಲ. ನೋಡು, ಹಸಿರು ಗುರುತಿದೆ’ ಎಂದು ಚೀಲ ತಿರುಗಿಸಿ ಅದರ ಮೇಲಿನ ಹಸಿರು ತ್ರಿಕೋನ ತೋರಿಸಿದರು. ಹುಳದ ಔಷಧಿಯನ್ನು ಅವರು ಶೆಡ್ಡಿನ ಮೇಲಿನ ಹಲಗೆಯಲ್ಲಿ ಬೇರೆಯಾಗಿಯೇ ಇಟ್ಟಿದ್ದರು. ಹಿಟ್ಟು ತಿಗಣೆಗೆಂದು ತಂದ ಬುಪ್ರೊಫೆಜಿನ್ ಅದು. ಅದನ್ನು ಬೆರೆಸಿದ ಡ್ರಮ್ಮನ್ನು ಹೊಂಡದ ಹತ್ತಿರವೂ ತರುವುದಿಲ್ಲವಂತೆ. ಹುಳವನ್ನು ಕೊಲ್ಲುವುದು ಕಪ್ಪೆಯನ್ನೂ ಕೊಲ್ಲಬಹುದು, ಬೂಜನ್ನು ಕೊಲ್ಲುವುದಕ್ಕೂ ಕಪ್ಪೆಗೂ ಏನು ಸಂಬಂಧ ಎನ್ನುವುದು ಅವರ ತರ್ಕ. ತರ್ಕದ ಮೊದಲರ್ಧ ಬಹುಪಾಲು ಸರಿ. ಎರಡನೆಯ ಅರ್ಧ ಎಲ್ಲಿ ಎಡವುತ್ತದೆ ಎಂಬುದು ತಿಳಿಯಬೇಕಾದರೆ ಕಪ್ಪೆಯನ್ನೂ ಹಣ್ಣಿನ ನೊಣವನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಬೇಕು. ನಮ್ಮ ಪಠ್ಯಪುಸ್ತಕಗಳು ಈ ಎರಡನ್ನೂ ದೂರದೂರದ ಅಧ್ಯಾಯಗಳಲ್ಲಿ ಕೂರಿಸಿವೆ. ಕಪ್ಪೆಯೆಂದರೆ ಅಂಗರಚನೆ, ನೊಣವೆಂದರೆ ಅನುವಂಶೀಯತೆ. ಪರೀಕ್ಷೆಗೆ ಅಷ್ಟು ಸಾಕು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಮಾವು, ಪೇರಲದೊಳಗೆ ಮೊಟ್ಟೆಯಿಟ್ಟು ಹಣ್ಣನ್ನು ಹುಳುಕು ಮಾಡುವ, ರೈತರು ಮೋಹಕ ಬಲೆ ಕಟ್ಟಿ ಹಿಡಿಯುವ ಹಣ್ಣಿನ ನೊಣ ಬ್ಯಾಕ್ಟ್ರೊಸೆರಾ. ಪ್ರಯೋಗಾಲಯದ ಹಣ್ಣಿನ ನೊಣ ಡ್ರೊಸೊಫಿಲಾ. ಕಳಿತು ಕಪ್ಪಾದ ಬಾಳೆಹಣ್ಣಿನ ಸುತ್ತ ಸುಳಿಯುವ, ಎಳ್ಳಿಗಿಂತ ತುಸು ದೊಡ್ಡದಾದ, ಕೆಂಪು ಕಣ್ಣಿನ ಬಡಪಾಯಿ. ಇದಕ್ಕೆ ಬೇಕಾದುದು ಹುಳಿತ ಹಣ್ಣಿನಲ್ಲಿ ಬೆಳೆಯುವ ಯೀಸ್ಟ್ ಮಾತ್ರ, ಬೆಳೆಗಾರನ ಒಳ್ಳೆಯ ಹಣ್ಣಲ್ಲ. ಮೈಸೂರು ವಿಶ್ವವಿದ್ಯಾಲಯ ಇದರ ತಳಿಗಳ ಸಂಗ್ರಹವನ್ನೇ ಕಾಪಾಡಿಕೊಂಡು ಬಂದಿದೆ. ನಾನಿಲ್ಲಿ ಹೇಳುತ್ತಿರುವುದು ಈ ಎರಡನೆಯದರ ಮಾತು.

ಗಾಜಿನ ಬಾಟಲಿಗೆ ಒಂದು ತುಂಡು ಬಾಳೆಹಣ್ಣು ಹಾಕಿ ನಾಲ್ಕು ನೊಣ ಬಿಟ್ಟು ಅರಳೆ ಮುಚ್ಚಳ ಕೊಟ್ಟರೆ ನಾಲ್ಕೈದು ದಿನಗಳಲ್ಲಿ ಹಣ್ಣಿನೊಳಗೆ ಬಿಳಿ ಮರಿಹುಳುಗಳು ಮಿಡುಕಾಡುತ್ತವೆ. ಎರಡು ಸಲ ಪೊರೆ ಕಳಚಿ ಕೊಬ್ಬಿದ ಹುಳು ಒಂದು ದಿನ ತಿನ್ನುವುದನ್ನೇ ಬಿಟ್ಟು ಗಾಜಿನ ಗೋಡೆ ಹತ್ತುತ್ತದೆ. ಜೊಲ್ಲುಗ್ರಂಥಿಯಿಂದ ಅಂಟು ಸುರಿಸಿ ತನ್ನನ್ನು ತಾನೇ ಗಾಜಿಗೆ ಅಂಟಿಸಿಕೊಳ್ಳುತ್ತದೆ. ಚರ್ಮ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿ, ಗೋಧಿ ತೌಡಿನ ಚೂರು ಅಂಟಿದಂತೆ ಕಾಣುತ್ತದೆ. ಒಳಗೆ ನಡೆಯುವುದು ಕೆಡವಿ ಕಟ್ಟುವ ಕೆಲಸ. ಅಂಟು ಸುರಿಸಿದ ಗ್ರಂಥಿಯೇ ಸಾಯುತ್ತದೆ. ಮರಿಹುಳುವಿನ ನಡುಗರುಳು ಕರಗಿ ಹೊಸ ಕರುಳು ಏಳುತ್ತದೆ. ಹುಳುವಿನ ಮೈಯಲ್ಲಿ ಸಣ್ಣ ಬಿಲ್ಲೆಗಳಂತೆ ಮಡಿಚಿಟ್ಟಿದ್ದ ಊತಕಗಳು ಬಿಚ್ಚಿಕೊಂಡು ರೆಕ್ಕೆ, ಕಾಲು, ಕಣ್ಣುಗಳಾಗುತ್ತವೆ. 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಯಿಂದ ನೊಣದವರೆಗೆ ಸುಮಾರು ಹತ್ತು ದಿನ.

ಹೊಂಡದ ಗೊದಮೊಟ್ಟೆ ಮಾಡುವುದೂ ಇದನ್ನೇ, ಬಯಲಿನಲ್ಲಿ, ಮುಚ್ಚುಮರೆ ಇಲ್ಲದೆ. ಪಾಚಿ ತಿನ್ನಲು ಬೇಕಿದ್ದ ಸುರುಳಿ ಸುರುಳಿಯಾದ ಉದ್ದ ಕರುಳು ಕುಗ್ಗುತ್ತದೆ. ಪ್ರಯೋಗಾಲಯದ ಆಫ್ರಿಕನ್ ಕಪ್ಪೆ ಕ್ಸೆನೋಪಸ್‌ನಲ್ಲಿ ಅದು ಮುಕ್ಕಾಲು ಭಾಗದಷ್ಟು ಗಿಡ್ಡವಾಗುತ್ತದೆ. ಕಿವಿರು ಹೋಗುತ್ತದೆ, ಬಾಲದ ಜೀವಕೋಶಗಳು ಅಪ್ಪಣೆ ಬಂದಂತೆ ಒಂದೊಂದಾಗಿ ಸಾಯುತ್ತವೆ. ಬಾಲ ಉದುರುತ್ತದೆ ಎಂದು ಶಾಲೆಯಲ್ಲಿ ನಾವು ಬರೆದದ್ದು ತಪ್ಪು. ಅದನ್ನು ಮೈ ಒಳಗೇ ಕರಗಿಸಿ ಅರಗಿಸಿಕೊಳ್ಳುತ್ತದೆ.

ಎರಡರಲ್ಲೂ ಅಪ್ಪಣೆ ಹಾರ್ಮೋನಿನದು. ಫ್ರೆಡರಿಕ್ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿಯ ಚೂರು ತಿನ್ನಿಸಿದ. ಅವು ಬೆಳೆಯುವುದನ್ನು ಬಿಟ್ಟು ಅವಧಿಗೆ ಮೊದಲೇ ನೊಣದಷ್ಟು ಪುಟ್ಟ ಕಪ್ಪೆಗಳಾಗತೊಡಗಿದವು. ಅದು ಪ್ರಕಟವಾದದ್ದು 1912ರಲ್ಲಿ. ಕೆಲವೇ ವರ್ಷಗಳಲ್ಲಿ ಇದರ ಉಲ್ಟಾ ಪ್ರಯೋಗವೂ ಆಯಿತು. ಥೈರಾಯ್ಡ್ ಕಿತ್ತ ಗೊದಮೊಟ್ಟೆಗಳು ಕಪ್ಪೆಯಾಗಲೇ ಇಲ್ಲ, ಗೊದಮೊಟ್ಟೆಗಳಾಗಿಯೇ ದೈತ್ಯವಾಗಿ ಬೆಳೆದವು. ಕೀಟಗಳ ಹಾರ್ಮೋನಿಗೆ ಇನ್ನಷ್ಟು ಕಾಯಬೇಕಾಯಿತು. 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆಹುಳುವಿನ ಪ್ಯೂಪಾಗಳನ್ನು ಅರೆದು ಸೋಸಿ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ತೆಗೆದರು. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ.

ಹಾರ್ಮೋನುಗಳು ಬೇರೆ ಬೇರೆ, ಆದರೆ ವ್ಯವಹಾರದ ರೀತಿ ಒಂದೇ. ಎರಡರಲ್ಲೂ ಮಿದುಳು ಗ್ರಂಥಿಗೆ ಸೂಚನೆ ಕೊಡುತ್ತದೆ. ಎರಡರಲ್ಲೂ ಗ್ರಂಥಿ ಅರೆಬೆಂದ ಸರಕನ್ನು ರಕ್ತಕ್ಕೆ ಬಿಡುತ್ತದೆ, ಅದನ್ನು ಪೂರ್ತಿ ಬೇಯಿಸಿ ಚುರುಕು ರೂಪಕ್ಕೆ ತರುವುದು ಆಯಾ ಅಂಗದ ಕೆಲಸ. ಹಾಗಾಗಿ ಕಾಲು ಮೊದಲು, ಬಾಲ ಆಮೇಲೆ ಎಂಬ ಸರದಿ ಸಾಧ್ಯ. ಬಾಲ ಮೊದಲು ಕರಗಿದರೆ ಗೊದಮೊಟ್ಟೆ ಈಜುವುದು ಹೇಗೆ? ಎರಡಕ್ಕೂ ಕಚ್ಚಾ ಸಾಮಗ್ರಿ ಹೊರಗಿನಿಂದ ಬರಬೇಕು. ಕಪ್ಪೆಗೆ ಅಯೋಡಿನ್, ನೊಣಕ್ಕೆ ಕೊಲೆಸ್ಟರಾಲ್‌ನಂತಹ ಸ್ಟೆರಾಲ್. ಕೀಟಗಳು ಸ್ಟೆರಾಲನ್ನು ತಾವೇ ತಯಾರಿಸಿಕೊಳ್ಳಲಾರವು. ಸಂಕಟ ಬಂದಾಗ ಎರಡೂ ತೋರುವ ಬುದ್ಧಿಯೂ ಒಂದೇ ತೆರನದು. ಹೊಂಡ ಒಣಗತೊಡಗಿದರೆ ಹಲವು ಜಾತಿಯ ಗೊದಮೊಟ್ಟೆಗಳು ಒತ್ತಡದ ಹಾರ್ಮೋನಿನ ನೆರವಿನಿಂದ ರೂಪಾಂತರವನ್ನು ಅವಸರಿಸಿ, ಮೈ ಸಣ್ಣದಾದರೂ ಸರಿ ಎಂದು ದಡ ಹತ್ತುತ್ತವೆ. ಒಂದು ಮಟ್ಟದ ತೂಕ ದಾಟಿದ ನೊಣದ ಹುಳುವಿಗೆ ಆಹಾರ ತಪ್ಪಿಸಿದರೆ ಅದೂ ಕಾಯುತ್ತ ಕೂರದೆ ಗಾತ್ರ ಬಿಟ್ಟುಕೊಟ್ಟು ನೊಣವಾಗುತ್ತದೆ. ವಿಜಯಪುರದ ಬಯಲಿನಲ್ಲಿ ಒಂದು ಮಳೆಗೆ ತುಂಬಿ ಮುಂದಿನ ಮಳೆಗೆ ಮೊದಲೇ ಇಂಗುವ ತಗ್ಗುಗಳಲ್ಲಿ ಮರಿ ಮಾಡುವ ಕಪ್ಪೆಗಳಿಗೆ ಈ ಲೆಕ್ಕಾಚಾರ ಜೀವನ್ಮರಣದ್ದು.

ಇಷ್ಟು ಹೋಲಿಕೆ ಕಂಡೊಡನೆ ರೂಪಾಂತರ ಎಂಬುದೇ ಇಬ್ಬರಿಗೂ ಒಬ್ಬ ಅಜ್ಜನಿಂದ ಬಂದ ಆಸ್ತಿ ಎನ್ನಿಸುತ್ತದೆ. ಅಲ್ಲ. ಕಪ್ಪೆಗೂ ನೊಣಕ್ಕೂ ಸಮಾನ ಪೂರ್ವಜ ಬದುಕಿದ್ದು 55 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದಲ್ಲಿ. ಈ ಎರಡು ರೂಪಾಂತರಗಳು ಆಮೇಲೆ ಬೇರೆ ಬೇರೆಯಾಗಿ ಹುಟ್ಟಿಕೊಂಡವು. ಅಜ್ಜನಿಂದ ಬಂದದ್ದು ಕಟ್ಟಿದ ಮನೆಯಲ್ಲ, ಉಳಿ, ಸುತ್ತಿಗೆ, ತೂಗುಗುಂಡು ಇದ್ದ ಚೀಲ.

ಆ ಚೀಲದಲ್ಲಿ ಮುಖ್ಯವಾದದ್ದು ಹಾರ್ಮೋನಿನ ಮಾತು ಕೇಳಿಸಿಕೊಂಡು ಜೀನುಗಳನ್ನು ಎಬ್ಬಿಸುವ ಗ್ರಾಹಿ ಪ್ರೋಟೀನುಗಳ ಕುಟುಂಬ. ಮನುಷ್ಯನಲ್ಲಿ ಇಂಥವು 48 ಇವೆ, ಹಣ್ಣಿನ ನೊಣದಲ್ಲಿ ಸುಮಾರು ಇಪ್ಪತ್ತು. ಥೈರಾಯ್ಡ್ ಹಾರ್ಮೋನಿನ ಗ್ರಾಹಿಯ ಗುರುತು ಹತ್ತಿದ್ದು 1986ರಲ್ಲಿ, ಎಕ್ಡೈಸೋನ್‌ನದು 1991ರಲ್ಲಿ. ಪಕ್ಕಪಕ್ಕ ಇಟ್ಟು ನೋಡಿದರೆ ಅವು ದಾಯಾದಿಗಳು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಇವು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನೊಗಕ್ಕೆ ಕಟ್ಟಿದ ಎತ್ತಿನಂತೆ ಜೋಡಿ ಬೇಕು. ಕಪ್ಪೆಯ ಥೈರಾಯ್ಡ್ ಗ್ರಾಹಿಗೆ ಜೋಡಿ ಆರ್‌ಎಕ್ಸ್‌ಆರ್ ಎಂಬ ಪ್ರೋಟೀನು. ನೊಣದ ಎಕ್ಡೈಸೋನ್ ಗ್ರಾಹಿಗೆ ಜೋಡಿ ಅಲ್ಟ್ರಾಸ್ಪೈರಾಕಲ್. ಹೆಸರು ಬೇರೆ, ತಳಿ ಒಂದೇ. ನೊಣದ ಅಲ್ಟ್ರಾಸ್ಪೈರಾಕಲ್ ಎಂದರೆ ನಮ್ಮ ಆರ್‌ಎಕ್ಸ್‌ಆರ್‌ನ ಕೀಟ ರೂಪ. ಬಲಗಡೆಯ ಎತ್ತು ಬೇರೆ, ಎಡಗಡೆಯದು ಅದೇ.

ಇದೇ ಆರ್‌ಎಕ್ಸ್‌ಆರ್ ವಿಟಮಿನ್ ಎ ಇಂದ ಬರುವ ರೆಟಿನೋಯಿಕ್ ಆಮ್ಲದ ಗ್ರಾಹಿಗೂ ಜೋಡಿಯಾಗುತ್ತದೆ. ಅಲ್ಲೊಂದು ಕಥೆಯಿದೆ, ನಮ್ಮ ದೇಶದ್ದೇ. ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದಲ್ಲಿ ಪ್ರಿಯಂವದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು ಒಂದು ಜಾತಿಯ ಗೊದಮೊಟ್ಟೆಗಳ ಬಾಲ ಕತ್ತರಿಸಿ ವಿಟಮಿನ್ ಎ ದ್ರಾವಣದಲ್ಲಿ ಬಿಟ್ಟರು. ಕತ್ತರಿಸಿದ ಜಾಗದಲ್ಲಿ ಬಾಲದ ಬದಲು ಕಾಲುಗಳು ಮೂಡಿದವು. 1992ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂದಾಗ ಅಭಿವೃದ್ಧಿ ಜೀವಶಾಸ್ತ್ರಜ್ಞರು ಬೆಚ್ಚಿದರು. ಮೊಹಾಂತಿ ಹೆಜ್ಮಾಡಿ ಒಡಿಸ್ಸಿ ನರ್ತಕಿಯಾಗಿಯೂ ಹೆಸರಾದವರು, ಕಾಲಿನ ವಿಷಯದಲ್ಲಿ ಅವರಿಗೆ ಎರಡು ಬಗೆಯ ಪರಿಣತಿ. ಅವರು ಬಳಸಿದ್ದು ಯೂಪೆರೊಡಾನ್ ಸಿಸ್ಟೋಮಾ. ಮೈ ಉಬ್ಬಿಸಿಕೊಂಡು ಚೆಂಡಾಗುವ, ಮಣ್ಣಿನಲ್ಲಿ ಹುದುಗಿದ್ದು ಮೊದಲ ದೊಡ್ಡ ಮಳೆಗೆ ಮೇಲೇಳುವ ಕಪ್ಪೆ. ದಖ್ಖನ್ನಿನ ಬಯಲಿನಲ್ಲೂ ಇದೆ.

ಬೆಚ್ಚಿದ್ದೇಕೆಂದರೆ ಒಂದು ಅಂಗದ ಜಾಗದಲ್ಲಿ ಇನ್ನೊಂದು ಅಂಗ ಮೂಡುವುದು ಅದುವರೆಗೆ ನೊಣದ ಖಾಸಗಿ ಹುಚ್ಚಾಟ ಎನ್ನಿಸಿಕೊಂಡಿತ್ತು. ಆಂಟೆನಪೀಡಿಯಾ ಎಂಬ ಜೀನ್ ಕೆಟ್ಟರೆ ನೊಣದ ತಲೆಯ ಮೇಲೆ ಮೀಸೆಯ ಬದಲು ಕಾಲು ಬರುತ್ತದೆ. ಇಂಥ ಜೀನುಗಳೊಳಗೆ ಡಿಎನ್ಎಯ 180 ಅಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಬರುವುದನ್ನು 1980ರ ದಶಕದ ಮೊದಲ ವರ್ಷಗಳಲ್ಲಿ ಗುರುತಿಸಿ ಹೋಮಿಯೊಬಾಕ್ಸ್ ಎಂದು ಕರೆದರು. ಬೆನ್ನೆಲುಬಿನ ಪ್ರಾಣಿಗಳಲ್ಲೂ ಅದು ಇದೆಯೆಂದು 1984ರಲ್ಲಿ ಗೊತ್ತಾದದ್ದು ಕಪ್ಪೆಯಿಂದಲೇ, ಕ್ಸೆನೋಪಸ್‌ನಿಂದ. ಮುಂದಿನದೆಲ್ಲ ಸರಮಾಲೆ. ಕಪ್ಪೆಯ ಬೆನ್ನನ್ನು ಬೆನ್ನಾಗಿ ಮಾಡುವ ಪ್ರೋಟೀನಿನ ದಾಯಾದಿ ನೊಣದಲ್ಲೂ ಸಿಕ್ಕಿತು, ಆದರೆ ನೊಣದಲ್ಲಿ ಅದು ಹೊಟ್ಟೆಯ ಕಡೆಗಿತ್ತು. ನೊಣವನ್ನು ಅಂಗಾತ ಮಲಗಿಸಿದರೆ ಕಪ್ಪೆಯ ನಕ್ಷೆ ಸಿಗುತ್ತದೆ.

ಇಷ್ಟು ದೂರ ಬಂದದ್ದು ಕಾಕಾನ ಶೆಡ್ಡಿಗೆ ಮರಳಲಿಕ್ಕೆ. ಹುಳದ ಔಷಧಿಗಳಲ್ಲಿ ಹಳೆಯವು ಬಹುಪಾಲು ನರಕ್ಕೆ ಹೊಡೆಯುವಂಥವು. ಆರ್ಗನೊಫಾಸ್ಫೇಟುಗಳಿರಲಿ, ಪೈರೆತ್ರಾಯ್ಡುಗಳಿರಲಿ, ಅವು ಹಿಡಿಯುವ ನರದ ಭಾಗಗಳು ನೊಣಕ್ಕೂ ಕಪ್ಪೆಗೂ ಒಂದೇ. ಹೊಂಡಕ್ಕೆ ಬಿದ್ದರೆ ಗೊದಮೊಟ್ಟೆಗೂ ಕಾಟ ತಪ್ಪದು. ಇಲ್ಲಿ ಕಾಕಾ ಸರಿ. ಹೊಸ ಪೀಳಿಗೆಯವು ಹುಳದ ಪೊರೆ ಕಳಚುವಿಕೆಗೆ ಕೈ ಹಾಕುತ್ತವೆ. ಬುಪ್ರೊಫೆಜಿನ್ ಹೊಸ ಪೊರೆಗೆ ಬೇಕಾದ ಕೈಟಿನ್ ಕಟ್ಟುವುದನ್ನು ತಡೆಯುತ್ತದೆ. ಟೆಬುಫೆನೊಜೈಡ್‌ನಂಥವು ಎಕ್ಡೈಸೋನ್‌ನ ವೇಷ ಹಾಕಿ ಬಲಗಡೆಯ ಎತ್ತಿನ ಕಿವಿಯಲ್ಲಿ ಅಕಾಲದಲ್ಲಿ ಕೂಗುತ್ತವೆ, ಪೊರೆ ಬಿಡುವ ಹೊತ್ತಲ್ಲದ ಹೊತ್ತಿನಲ್ಲಿ ಹುಳು ಪೊರೆ ಬಿಡಲು ಹೊರಟು ಸಾಯುತ್ತದೆ. ಕಪ್ಪೆಯಲ್ಲಿ ಆ ಎತ್ತೇ ಇಲ್ಲ. ಅದರ ಚರ್ಮವೂ ಕೈಟಿನ್ನಿನದಲ್ಲ. ಅಂದರೆ ಮೇಲಿನ ಹಲಗೆಯ ಡಬ್ಬಿ ಗುರಿಯಿಟ್ಟ ಜಾಗ ಗೊದಮೊಟ್ಟೆಯ ರೂಪಾಂತರದಲ್ಲಿ ಸಿಗುವುದಿಲ್ಲ. ಹಾಗೆಂದು ಅದನ್ನು ಹೊಂಡದಲ್ಲಿ ತೊಳೆಯಿರಿ ಎಂದು ಹೇಳುತ್ತಿಲ್ಲ, ನೀರಿನ ಹುಳಗಳ ಗತಿ ಕೇಳಬಾರದು.

ಎಡಗಡೆಯ ಎತ್ತಿನ ಕಥೆ ಬೇರೆ. ಸೊಳ್ಳೆ ಮರಿಗಳಿಗೆ ನೀರಿಗೆ ಹಾಕುವ ಮೆಥೊಪ್ರೀನ್ ಎಂಬುದಿದೆ. ನೀರಿನಲ್ಲಿ ಒಡೆದು ಬರುವ ಅದರ ಆಮ್ಲ ರೂಪ ಬೆನ್ನೆಲುಬಿನ ಪ್ರಾಣಿಗಳ ಆರ್‌ಎಕ್ಸ್‌ಆರ್‌ಗೆ ಅಂಟಿಕೊಳ್ಳುತ್ತದೆ ಎಂದು 1995ರಲ್ಲಿ ತಿಳಿಯಿತು. ಅದೇ ವರ್ಷ ಅಮೆರಿಕದ ಮಿನಸೋಟಾದಲ್ಲಿ ಕೆರೆ ನೋಡಲು ಹೋದ ಶಾಲೆಯ ಮಕ್ಕಳಿಗೆ ಕಾಲಿಲ್ಲದ, ಹೆಚ್ಚು ಕಾಲಿನ ಕಪ್ಪೆಗಳು ರಾಶಿಯಾಗಿ ಸಿಕ್ಕವು. ಎರಡನ್ನೂ ಜೋಡಿಸಿ ಮೆಥೊಪ್ರೀನ್ ಮೇಲೆ ಬೆರಳು ತೋರಿಸಿದ್ದು ಸಹಜವೇ ಆಗಿತ್ತು. ಆದರೆ 1999ರ ಪ್ರಯೋಗಗಳು ಬಸವನಹುಳುವಿನಿಂದ ಬಂದು ಗೊದಮೊಟ್ಟೆಯ ಕಾಲು ಮೂಡುವ ಜಾಗ ಕೊರೆಯುವ ರಿಬೆರೋಯಾ ಎಂಬ ಪರಾವಲಂಬಿಯೇ ಇಂತಹ ಅನೇಕ ವಿಕಾರಗಳಿಗೆ ಕಾರಣವೆಂದು ತೋರಿಸಿದವು. ರಸಾಯನದ ಮೇಲೆ ಕೂಗಾಡುವ ನನ್ನಂಥವರು ಈ ಪ್ರಸಂಗವನ್ನು ಮರೆಯದಿರುವುದು ಲೇಸು.

ಈಗ ಹಳದಿ ಪುಡಿಗೆ ಬರೋಣ. ಅದು ಮ್ಯಾಂಕೋಜೆಬ್. ಅದು ಒಡೆದಾಗ ಎಥಿಲಿನ್ ಥಯೋಯೂರಿಯಾ ಎಂಬ ವಸ್ತು ಹುಟ್ಟುತ್ತದೆ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನನ್ನು ಹಾರ್ಮೋನಿಗೆ ಜೋಡಿಸುವ ಕಿಣ್ವವನ್ನು ಇದು ತಡೆಯುತ್ತದೆ. ನೊಣದಲ್ಲಿ ಅಂತಹ ಗ್ರಂಥಿಯೇ ಇಲ್ಲ, ಬೂಜಿನಲ್ಲಂತೂ ಇಲ್ಲವೇ ಇಲ್ಲ. ಇರುವುದು ಬೆನ್ನೆಲುಬಿನ ಪ್ರಾಣಿಗಳಲ್ಲಿ, ಕಾಕಾನಲ್ಲಿ, ನನ್ನಲ್ಲಿ, ಹೊಂಡದ ಮೂಲೆಯ ಕರಿ ಎಳ್ಳಿನಲ್ಲಿ. ಥೈರಾಯ್ಡ್ ಹಾರ್ಮೋನು ಕಟ್ಟಿಕೊಳ್ಳದಿದ್ದರೆ ದೊಡ್ಡವರಿಗೆ ಆಯಾಸ, ಊತ. ಗೊದಮೊಟ್ಟೆಗೆ ಕಪ್ಪೆಯಾಗುವುದೇ ತಪ್ಪುತ್ತದೆ. ಈ ಸಂಬಂಧ ಎಷ್ಟು ನೇರವೆಂದರೆ, ಒಂದು ರಸಾಯನ ಥೈರಾಯ್ಡ್‌ಗೆ ತೊಂದರೆ ಕೊಡುತ್ತದೆಯೇ ಎಂದು ಪರೀಕ್ಷಿಸಲು ಜಗತ್ತೇ ಒಪ್ಪಿದ ವಿಧಾನ ಕ್ಸೆನೋಪಸ್ ಗೊದಮೊಟ್ಟೆಗಳನ್ನು 21 ದಿನ ಅದರಲ್ಲಿ ಬೆಳೆಸಿ ಹಿಂಗಾಲಿನ ಉದ್ದ ಅಳೆಯುವುದು. ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ಒಕ್ಕೂಟವಾದ ಒಇಸಿಡಿ ಇದನ್ನು 2009ರಲ್ಲಿ ಪ್ರಮಾಣಿತ ಪರೀಕ್ಷೆಯಾಗಿ ಪ್ರಕಟಿಸಿತು.

ಹಾಗಾದರೆ ಹಸಿರು ಗುರುತು? ನಮ್ಮ 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಮೇಲಿನ ವಜ್ರಾಕಾರದ ಚೌಕದ ಕೆಳಗಿನ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣ. ಪ್ರಯೋಗದ ಪ್ರಾಣಿಗಳಿಗೆ ಒಂದು ಸಲ ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣ ಮೈತೂಕದ ಕಿಲೋಗೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 5,000 ದಾಟಿದರೆ ಹಸಿರು. ಮ್ಯಾಂಕೋಜೆಬ್ 5,000 ದಾಟುತ್ತದೆ. ಗುರುತು ಸುಳ್ಳು ಹೇಳುತ್ತಿಲ್ಲ. ಚೀಲ ಬಿಚ್ಚುವ ಆಳು ಆ ದಿನ ಸಾಯುತ್ತಾನೆಯೇ ಎಂಬ ಪ್ರಶ್ನೆಗೆ ಅದು ಉತ್ತರ. ಮೂರು ವಾರ ಆ ನೀರಿನಲ್ಲಿ ಮುಳುಗಿಯೇ ಇರುವ, ಚರ್ಮದಿಂದಲೂ ನೀರು ಹೀರುವ ಜೀವಿಯ ಹಾರ್ಮೋನಿಗೆ ಏನಾಗುತ್ತದೆ ಎಂದು ಯಾರೂ ಅದನ್ನು ಕೇಳಿಲ್ಲ. ಯುರೋಪಿನ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಮ್ಯಾಂಕೋಜೆಬ್‌ನ ಪರವಾನಗಿ ನವೀಕರಿಸದೆ ಬಿಟ್ಟಿತು. ಅದು ಕೊಟ್ಟ ಕಾರಣಗಳಲ್ಲಿ ಹಾರ್ಮೋನು ವ್ಯವಸ್ಥೆಗೆ ಅಡ್ಡಿಯೂ ಒಂದು.

ಇಲ್ಲಿ ಬೆಳೆಗಾರರ ಮಾತನ್ನೂ ಕೇಳಬೇಕು, ಅದು ಹುಸಿಯಲ್ಲ. ಒಂದೇ ಜಾಗಕ್ಕೆ ಹೊಡೆಯುವ ದುಬಾರಿ ಔಷಧಿಗಳಿಗೆ ಡೌನಿ ಕೆಲವೇ ಹಂಗಾಮುಗಳಲ್ಲಿ ಒಗ್ಗಿಕೊಂಡುಬಿಡುತ್ತದೆ. ಮ್ಯಾಂಕೋಜೆಬ್ ಏಕಕಾಲಕ್ಕೆ ಹಲವು ಜಾಗಗಳಲ್ಲಿ ಪೆಟ್ಟು ಕೊಡುವುದರಿಂದ ಅದಕ್ಕೆ ಒಗ್ಗುವುದು ಕಷ್ಟ. ಅಗ್ಗವೂ ಹೌದು. ಅದನ್ನು ಕಿತ್ತುಕೊಂಡು ಬೇರೇನು ಕೊಡುತ್ತೀರಿ ಎಂದರೆ ಭಾಷಣ ಮಾಡುವವರ ಬಳಿ ಉತ್ತರವಿಲ್ಲ. ಎಲೆಯಿಂದ ಗಾಳಿ, ಮಳೆಗೆ ಹೊಂಡ ಸೇರುವ ಚೂರುಪಾರು ಪ್ರಮಾಣವೂ ಪ್ರಯೋಗಾಲಯದ ತೊಟ್ಟಿಯ ಪ್ರಮಾಣವೂ ಒಂದೇ ಅಲ್ಲ. ನನ್ನ ತಕರಾರು ಸಿಂಪರಣೆಯ ಮೇಲಲ್ಲ, ತೊಳೆಯುವ ಜಾಗದ ಮೇಲೆ. ಟ್ಯಾಂಕಿನ ತಳದ ಗಸಿ ಚೂರುಪಾರಲ್ಲ, ಅದು ಒಂದೇ ಮೂಲೆಗೆ, ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ಇಳಿಯುತ್ತದೆ. ರಫ್ತಾಗುವ ದ್ರಾಕ್ಷಿಯ ಗೊಂಚಲಿಗೆ ಔಷಧಿ ಉಳಿಕೆಯ ಪರೀಕ್ಷೆಯಿದೆ. ಹೊಂಡದ ಮೂಲೆಗೆ ಯಾವ ಪರೀಕ್ಷೆಯೂ ಇಲ್ಲ.

ಬೆಳಗಾವಿಯ ಕಬ್ಬು, ಗೋವಿನಜೋಳದ ಹೊಲಗಳಲ್ಲಿ ಕಳೆಗೆ ಹೊಡೆಯುವ ಅಟ್ರಾಜಿನ್ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. ಅದು ಗಂಡು ಕಪ್ಪೆಗಳನ್ನು ಹೆಣ್ಣಾಗಿಸುತ್ತದೆ ಎಂಬ ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ ಅವರ ಪ್ರಯೋಗಗಳ ಸುತ್ತ ಇಪ್ಪತ್ತು ವರ್ಷಗಳಿಂದ ಜಗಳ ನಡೆದಿದೆ. 2023ರ ಜಾಗತಿಕ ಸಮೀಕ್ಷೆಯಂತೆ ಉಭಯಚರಗಳ ಜಾತಿಗಳಲ್ಲಿ ಶೇ 41ರಷ್ಟು ಅಳಿವಿನ ಅಂಚಿನಲ್ಲಿವೆ, ಬೆನ್ನೆಲುಬಿನ ಪ್ರಾಣಿಗಳ ಬೇರೆ ಯಾವ ಗುಂಪಿಗೂ ಇಷ್ಟು ಕೆಟ್ಟ ಕಾಲ ಬಂದಿಲ್ಲ. ಆವಾಸ ನಾಶ, ಶಿಲೀಂಧ್ರ ರೋಗ, ಹವಾಮಾನ ಎಲ್ಲವೂ ಸೇರಿ ಆದ ಅನಾಹುತವದು. ಅದೆಲ್ಲವನ್ನೂ ಒಂದು ಬ್ಲೋವರ್ ಟ್ಯಾಂಕಿನ ತಲೆಗೆ ಕಟ್ಟಲಾಗದು. ಮಳೆ ಕೈಕೊಟ್ಟ ವರ್ಷ ಊರವರೆಲ್ಲ ಸೇರಿ ಕಪ್ಪೆಗೆ ಅರಿಸಿನ ಹಚ್ಚಿ ಮದುವೆ ಮಾಡುವ ನಾಡು ನಮ್ಮದು. ಹೊಂಡದಲ್ಲಿ ಅದರ ಮರಿಗಳಿಗೆ ಸಿಕ್ಕಿದ್ದು ಮಾತ್ರ ಬೇರೆ ಬಗೆಯ ಅರಿಸಿನ.

ಎರಡು ತಿಂಗಳು ಬಿಟ್ಟು ಮತ್ತೆ ತೋಟಕ್ಕೆ ಹೋದಾಗ ಬ್ಲೋವರ್ ತೊಳೆಯುವ ಜಾಗ ಬದಲಾಗಿತ್ತು. ಹೊಂಡದಿಂದ ನೂರು ಹೆಜ್ಜೆ ಆಚೆ, ಬನ್ನಿ ಗಿಡದ ಪಕ್ಕ ಒಂದು ಗುಂಡಿ ತೋಡಿ ಇಟ್ಟಿಗೆ ಚೂರು, ಮರಳು ತುಂಬಿದ್ದರು. ಥೈರಾಯ್ಡ್ ಬಗ್ಗೆ ನಾನು ಹೇಳಿದ್ದು ನಾಟಿತೆಂದು ಒಳಗೊಳಗೇ ಹಿಗ್ಗಿದೆ. ‘ಆ ಪುಡಿಯ ಗಸಿ ಹೋಗಿ ಹನಿ ನೀರಾವರಿಯ ಫಿಲ್ಟರ್ ಕಟ್ಟುತ್ತಿತ್ತು ತಮ್ಮಾ, ದಿನಾ ಬಿಚ್ಚಿ ತೊಳೆದು ಸಾಕಾಯಿತು’ ಎಂದರು ಕಾಕಾ.